ಸ್ಟೋರ್ ಕಾಕಾರ ಸಮುದ್ರ

ಅವರ ಬಲಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಯಾವಾಗಲೂ ಬಿಳಿಯ ಪುಡಿ ಅಂಟಿರುತ್ತಿತ್ತು. ಹೊಸಬರು ಅದನ್ನು ಸುಣ್ಣ ಎಂದುಕೊಳ್ಳುತ್ತಿದ್ದರು. ಅದು ಉಪ್ಪು. ಸಮುದ್ರದ ನೀರಿನಲ್ಲಿ ಅದ್ದಿದ ಕೈಯನ್ನು ಒರೆಸಿಕೊಳ್ಳದೆ ಹಾಗೇ ಆರಲು ಬಿಡುತ್ತಿದ್ದರಿಂದ ಕೂದಲ ಬುಡಕ್ಕೆಲ್ಲ ಸಣ್ಣ ಹರಳು ಕಟ್ಟುತ್ತಿತ್ತು. ಅವರು ಸಹಿ ಮಾಡಿದ ಕಾಗದಗಳ ಅಂಚಿನಲ್ಲೂ ಅದೇ ಬಿಳಿ ಕಲೆ. ಇದು ಪಂಪಿನ ಬಿಡಿಭಾಗದ ಕಾರ್ಖಾನೆಯೋ ಉಪ್ಪಿನಕಾಯಿ ಗೋದಾಮೋ ಎಂದು ಲೆಕ್ಕ ತಪಾಸಣೆಗೆ ಬಂದವನೊಬ್ಬ ಕೇಳಿ ನಕ್ಕಿದ್ದ. ನಾನೂ ನಕ್ಕಿದ್ದೆ. ಆ ಉಪ್ಪು ಯಾರಿಗಾಗಿ ಎಂದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಗೋಕುಲ ರಸ್ತೆಯ ಆ ಸಣ್ಣ ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್ ಆಗಿ ಸೇರಿದಾಗ ಅವರು ಸ್ಟೋರಿನ ಮುಖ್ಯಸ್ಥರು. ಎಲ್ಲರೂ ಸ್ಟೋರ್ ಕಾಕಾ ಎನ್ನುತ್ತಿದ್ದರು. ನನ್ನ ಮೇಜು ಅವರ ಮೇಜಿನ ಎದುರಿಗೇ. ಮಹಾ ಜಿಗುಟು ಮನುಷ್ಯ. ಒಂದು ಹಿಡಿ ಹತ್ತಿ ಚಿಂದಿ ಬೇಕಾದರೂ ಸಹಿ ಬೇಕು. ಹಳೆಯ ನಟ್ಟು ತಂದು ಕೊಡದೆ ಹೊಸದು ಕೇಳಿದರೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು, ಅಷ್ಟಕ್ಕೇ ಕೇಳಿದವನು ಹಿಂದಿರುಗುತ್ತಿದ್ದ. ಚಹಾವನ್ನು ನಿಂತೇ ಕುಡಿಯುತ್ತಿದ್ದರು. ಏನಾದರೂ ಲಗೂ ಬೇಕೆಂದರೆ ಅವರ ಬಾಯಲ್ಲಿ ಒಂದೇ ಮಾತು: "ಮಾಗಲಿ ತಡೀರಿ." ಕಬ್ಬಿಣದ ಸಾಮಾನು ಅದು ಹೇಗೆ ಮಾಗುತ್ತದೋ ದೇವರಿಗೇ ಗೊತ್ತು.

ಅವರಿಗೆ ಒಬ್ಬಳೇ ಮಗಳಿದ್ದಳು. ಸಾಲಿಗೆ ಹೋಗುವ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಅವರ ಹೆಂಡತಿ ಮಾತು ಬಿಟ್ಟಿದ್ದರು. ಕಾಕು ಅಂಕೋಲೆಯವರು, ಮದುವೆಯಾಗಿ ಬೈರಿದೇವರಕೊಪ್ಪಕ್ಕೆ ಬಂದವರು. ಮಾತು ಬಿಟ್ಟರು ಎಂದರೆ ಮುನಿಸಿನಿಂದಲ್ಲ. ಕರೆದರೆ ತಿರುಗಿ ನೋಡುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಆದರೆ ಬಾಯಿಂದ ಒಂದಕ್ಷರ ಬರುತ್ತಿರಲಿಲ್ಲ. ತಾಟಿನ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದರು. ದವಾಖಾನೆ ಆಯಿತು, ದರ್ಗಾ ಆಯಿತು, ಮಠ ಆಯಿತು. ಕಾಕು ದಿನದಿಂದ ದಿನಕ್ಕೆ ತೆಳ್ಳಗಾಗುತ್ತ ಹೋದರು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಕಾ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾಗ ರಸ್ತೆ ಬದಿಗೆ ಕಾರವಾರದ ಕಡೆಯ ಮೀನಿನ ಲಾರಿಯೊಂದು ನಿಂತಿತ್ತು. ಹಿಂದಿನಿಂದ ಐಸಿನ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿ ಹೋಗುವಾಗ ಕಾಕು ನಿಂತರು. ಉಸಿರೆಳೆದುಕೊಂಡರು. ಆಮೇಲೆ ಸ್ಪಷ್ಟವಾಗಿ, "ನಮ್ಮೂರ ವಾಸನಿ" ಎಂದರು. ಅಷ್ಟೇ. ಆದರೆ ವರ್ಷಕ್ಕೂ ಮಿಕ್ಕಿ ದನಿಯನ್ನೇ ಕೇಳದಿದ್ದ ಗಂಡನಿಗೆ ಅದು ಸಾಕಾಯಿತು. ಅವರನ್ನು ಅಂಕೋಲೆಗೆ ಕರೆದೊಯ್ದರೆ ಏನೂ ಆಗಲಿಲ್ಲ. ತವರಿನವರು ಮಗುವಿನ ಹೆಸರೆತ್ತಿ ಅತ್ತದ್ದರಿಂದ ಇನ್ನಷ್ಟು ಮುದುಡಿಕೊಂಡು ವಾಪಸಾದರು. ಹಾಗಾಗಿ ಕಾಕಾ ಸಮುದ್ರವನ್ನೇ ಹುಬ್ಬಳ್ಳಿಗೆ ತರಿಸಲು ನಿಂತರು.

ಮನೆಯಲ್ಲಿ ಇಡುವಂತಿರಲಿಲ್ಲ. ಬೈರಿದೇವರಕೊಪ್ಪದಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳುವವರಿರಲಿಲ್ಲ. ಉಪ್ಪುನೀರಿನ ಪ್ರಾಣಿಗಳಿಗೆ ನೀರು ಸದಾ ತಿರುಗುತ್ತಲೇ ಇರಬೇಕು. ನಿಂತರೆ ಉಸಿರು ಕಟ್ಟುತ್ತದೆ. ಕಾರ್ಖಾನೆಯದು ಕೈಗಾರಿಕೆಯ ಲೈನು, ಅಲ್ಲಿ ಕರೆಂಟು ಹೋಗುವುದು ಅಪರೂಪ. ಮಾಲೀಕರ ಎದುರು ಕಾಕಾ ಕೈಕಟ್ಟಿ ನಿಂತದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಅವರು ಒಪ್ಪಿದರು. ಮೇಜಿನ ಎಡ ಮೂಲೆಯಲ್ಲಿ, ಫೈಲುಗಳನ್ನು ಸರಿಸಿ, ಅಡುಗೆಮನೆಯ ಹಿಟ್ಟಿನ ಡಬ್ಬಿಯಷ್ಟು ದೊಡ್ಡ ಗಾಜಿನ ತೊಟ್ಟಿ, ನೀರು ತಿರುಗಿಸುವ ಪುಟ್ಟ ಪಂಪಿನ ಸಮೇತ ಬಂದು ಕೂತಿತು.

ಮೊದಲ ಸಲ ಎಲ್ಲ ಕೆಟ್ಟಿತು. ಅಮರಗೋಳದ ಬಜಾರಿನಿಂದ ಕಲ್ಲುಪ್ಪು ತಂದು ನಲ್ಲಿ ನೀರಿಗೆ ಕರಗಿಸಿದರು. ಅದರಲ್ಲಿ ಬಿಟ್ಟ ಮೀನು ಮರುದಿನಕ್ಕೇ ಹೊಟ್ಟೆ ಮೇಲಾಗಿ ತೇಲಿತು. ಆಗ ಆ ಮೀನಿನ ಲಾರಿ ಓಡಿಸುವ ಚಾಚಾರನ್ನು ಹುಡುಕಿ ಹಿಡಿದರು. ಚಾಚಾ ಹುಬ್ಬಳ್ಳಿಯವರೇ, ವಾರಕ್ಕೆ ಎರಡು ಸಲ ಘಟ್ಟ ಇಳಿದು ಹತ್ತುವವರು. ಕಥೆ ಕೇಳಿ ಮರುಮಾತಾಡದೆ ಕ್ಯಾನುಗಳನ್ನು ಎತ್ತಿಟ್ಟುಕೊಂಡರಂತೆ. ದಂಡೆಯಿಂದ ದೂರ ಹೋಗುವ ದೋಣಿಯವರಿಗೆ ಹೇಳಿ ತಿಳಿನೀರು ತರಿಸಿದರು. ಬಂಡೆಯ ಸಂದಿಯಿಂದ ಒಂದು ಕಲ್ಲನ್ನೂ ತಂದರು, ಒದ್ದೆ ಗೋಣಿಯಲ್ಲಿ ಸುತ್ತಿ, ಎಳೆಗೂಸನ್ನು ತಂದ ಹಾಗೆ.

ಆ ಕಲ್ಲಿನ ಮೇಲೆ ಅಂಗಿಯ ಗುಂಡಿಗಳಂಥ ಹಸಿರು ಜೀವಿಗಳಿದ್ದವು, ಹವಳದ ಬಳಗದವು. ಸಂದಿಯಲ್ಲೊಂದು ಕಡಲ ಹೂವು. ಹೂವೆನ್ನುವುದು ಹೆಸರಿಗಷ್ಟೇ, ಅದು ಪ್ರಾಣಿ. ಎಸಳುಗಳನ್ನು ಆಡಿಸಿ ಉಣ್ಣುತ್ತದೆ. ಮೀನು ಯಾವಾಗ ಬಿಡುತ್ತೀರಿ ಎಂದು ನಾವೆಲ್ಲ ಪೀಡಿಸಿದೆವು. "ನೀರು ಮಾಗಲಿ ತಡೀರಿ" ಎಂದರು. ಈ ಸಲ ಆ ಮಾತಿಗೆ ಅರ್ಥವಿತ್ತು. ಎಷ್ಟೋ ವಾರ ಬರಿಯ ಕಲ್ಲು ಮತ್ತು ನೀರು, ಮೀನು ತಾಳುವ ಹದಕ್ಕೆ ಬರುವ ತನಕ. ನೀರು ಆರಿ ಇಳಿದಾಗ ಸಮುದ್ರದ ನೀರನ್ನೇ ಸುರಿದರೆ ಉಪ್ಪು ಏರುತ್ತದೆ, ಕಾಸಿ ಆರಿಸಿದ ಸಿಹಿನೀರು ಹಾಕಬೇಕು ಎಂದು ಅವರು ಕಲಿತದ್ದು ಕಲ್ಲಿನೊಡನೆ ಬಂದಿದ್ದ ಸಣ್ಣ ಏಡಿಯೊಂದನ್ನು ಕಳೆದುಕೊಂಡ ಮೇಲೆ. ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ ಕಾಕು ಹಣೆಗೆ ಹಚ್ಚುವ ಟಿಕಳಿಯೊಂದನ್ನು ಅಂಟಿಸಿದ್ದರು. ಉಪ್ಪು ನೋಡಲು ಹಾಲು ಅಳೆಯುವ ಲ್ಯಾಕ್ಟೋಮೀಟರು. ಅದು ನೀರಿನಲ್ಲಿ ತೇಲುವುದನ್ನು ನೋಡಿ, ಎಮ್ಮೆಯದೋ ಆಕಳದೋ ಎಂದು ನಾನು ಕೇಳಿದ್ದೆ. ಅವರು ನಗಲಿಲ್ಲ. ಆ ದಿನಗಳಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ.

ಕೊನೆಗೆ ಪಟ್ಟೆಪಟ್ಟೆಯ ಒಂದು ಸಣ್ಣ ಮೀನು, ಶಂಖದೊಳಗೆ ಸಂಸಾರ ಹೂಡಿದ ಒಂದು ಏಡಿ ಬಂದವು. ಆಮೇಲೆ ಕಾಕುವನ್ನು ಕರೆತಂದರು.

ಕಾಕು ತೊಟ್ಟಿಯ ಎದುರಿನ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ನೋಡಿದರು. ಕಡಲ ಹೂವು ಅರಳಿತ್ತು. ಕಾಕಾ ಒಣ ಸಿಗಡಿಯ ಒಂದು ಚೂರನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಹೆಂಡತಿಯ ಕೈಗೆ ಕೊಟ್ಟರು. ಹೂವು ಅದನ್ನು ಮೆಲ್ಲಗೆ ಒಳಕ್ಕೆಳೆದುಕೊಂಡಿತು. "ಉಂಡ್ತು" ಎಂದರು ಕಾಕು. ಕಾಕಾ ಕಪಾಟಿನ ಹಿಂದೆ ಹೋಗಿ ಸುಮ್ಮನೆ ಬೋಲ್ಟುಗಳನ್ನು ಸರಿಸಾಡತೊಡಗಿದರು. ಅಂದಿನಿಂದ ದಿನಾ ಮಧ್ಯಾಹ್ನ ಕಾಕು ಬುತ್ತಿ ಹಿಡಿದು ಬರುತ್ತಿದ್ದರು. ಹೂವಿಗೆ ಉಣಿಸಿ, ಆಮೇಲೆ ಗಂಡನ ಜೊತೆ ಕೂತು ತಾವೂ ಒಂದು ರೊಟ್ಟಿ ತಿನ್ನುತ್ತಿದ್ದರು. ದಿನಕ್ಕೊಂದೋ ಎರಡೋ ಮಾತು. ಒಮ್ಮೆ ನನ್ನ ಸೀರೆ ಛಲೋ ಇದೆ ಎಂದರು. ಆ ಸೀರೆಯನ್ನು ನಾನು ಹರಿಯುವ ತನಕ ಉಟ್ಟೆ. ಆ ತೊಟ್ಟಿಗೆ ಏನಾದರೂ ಆದರೆ ಈ ಹೆಂಗಸು ಮತ್ತೆ ಊಟ ಬಿಡುತ್ತಾಳೆ ಎಂಬುದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಮೇಲೆ ದಸರೆ ಬಂತು.

ಖಂಡೇಪೂಜೆಯ ದಿನ ನಮ್ಮಲ್ಲಿ ಯಂತ್ರಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಪೂಜೆಯಾದ ಮೇಲೆ ದುಡಿದ ಯಂತ್ರಗಳಿಗೆ ವಿಶ್ರಾಂತಿ. ದಸರೆ ಮುಗಿಯುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಮಂಗಳಾರತಿ ಆದೊಡನೆ ಮೇನ್ ಸ್ವಿಚ್ಚಿಗೆ ಕುಂಕುಮ ಹಚ್ಚಿ ಅದನ್ನು ಇಳಿಸುವುದು ಹಿರಿಯರ ಮರ್ಯಾದೆ. ಆ ಮರ್ಯಾದೆ ಎಷ್ಟೋ ವರ್ಷಗಳಿಂದ ಕಾಕಾರದ್ದು. ಆ ವರ್ಷವೂ ಮಡಿಪಂಚೆ ಉಟ್ಟು ಬಂದರು, ಕುಂಕುಮ ಹಚ್ಚಿದರು, ಕೈಮುಗಿದು ಹಿಡಿ ಇಳಿಸಿದರು. ಪ್ರಸಾದ ತೆಗೆದುಕೊಂಡು ಎಲ್ಲರೂ ಮನೆಗೆ ಹೋದೆವು. ಅವರ ಮೇಜಿನ ತೊಟ್ಟಿಗೂ ಯಾರೋ ಒಂದು ಸಣ್ಣ ಮಾಲೆ ಹಾಕಿದ್ದರು.

ಮರುದಿನ ಮಧ್ಯಾಹ್ನ ಬನ್ನಿ ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ಕಾಕು ಹೋಳಿಗೆ ಬಡಿಸುತ್ತಿದ್ದರು. ಬಡಿಸುತ್ತ, ಯಾರಿಗೆಂದು ಅಲ್ಲದೆ, "ಅದಕ್ಕ ಇವತ್ತ ಉಪಾಸ" ಎಂದರು. ಹೂವಿನ ಮಾತು. ಕಾಕಾ ಮುಗುಳ್ನಗುತ್ತ ನನ್ನ ಕಡೆ ತಿರುಗಿದರು, ಹೆಂಡತಿ ಮಾತಾಡಿದ್ದು ಕೇಳಿತೇ ಎನ್ನುವ ಹಾಗೆ. ಹಾಗೇ ಮುಖ ಬಿಳಿಚಿತು. ಕೈಯಲ್ಲಿದ್ದ ಬನ್ನಿ ಎಲೆಗಳ ಸಮೇತ ಎದ್ದರು. ಅಂಗಡಿಗೆ ಹೋಗಿ ಬರುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ ಸ್ಕೂಟರ್ ಹತ್ತಿದರು. ನಾನು ಹಿಂದೆ ಕೂತೆ. ದಾರಿಯಲ್ಲೆಲ್ಲ ಜನ ಬನ್ನಿ ಹಿಡಿದು ಬಂಗಾರದಂಗ ಇರೂಣು ಎನ್ನುತ್ತ ಅಡ್ಡ ಬರುತ್ತಿದ್ದರು.

ದಸರೆ ಮುಗಿಯುವ ಮುಂಚೆ ಸ್ವಿಚ್ಚು ಮುಟ್ಟಿದವನನ್ನು ಬೈಯುತ್ತಿದ್ದವರೇ ಕಾರ್ಖಾನೆ ಹೊಕ್ಕೊಡನೆ ಮಾಲೆ ಹರಿದು ಹಿಡಿ ಎತ್ತಿದರು. ಪಂಪು ಗುಂಯ್ ಎಂದಿತು. ತಡವಾಗಿತ್ತು. ನೀರು ಅಕ್ಕಿ ತೊಳೆದ ನೀರಾಗಿತ್ತು. ಮೀನು ಮೂಲೆಯಲ್ಲಿ ಬಿದ್ದಿತ್ತು. ಏಡಿ ಶಂಖದಿಂದ ಅರ್ಧ ಹೊರಬಂದು ಸತ್ತಿತ್ತು. ಕಡಲ ಹೂವು ಕರಗಿ, ಕೈ ಹಾಕಿದರೆ ಲೋಳೆಯಾಗಿ ಬೆರಳ ಸಂದಿಯಿಂದ ಜಾರಿತು. ಮೂಲೆಯಲ್ಲಿ ಉಳಿದಿದ್ದ ಕ್ಯಾನಿನ ನೀರನ್ನೆಲ್ಲ ಸುರಿದು ತೊಟ್ಟಿಯ ನೀರು ಬದಲಿಸಿದರು. ಏನೂ ಅಲುಗಲಿಲ್ಲ. ಹಾರ ಹಾಕಿಸಿಕೊಂಡು ನಿಂತ ಲೇತುಗಳ ನಡುವೆ ಕಾಕಾ ನೆಲದ ಮೇಲೆ ಕೂತುಬಿಟ್ಟರು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಎರಡನೇ ಸಲ ನನ್ನ ಕೈಯಾಗ ಹೋತು ತಂಗಿ," ಎಂದರು. "ಆವತ್ತೂ ನಿನ್ನ ಕಾಕು ದವಾಖಾನಿಗೆ ಹೋಗೂಣು ಅಂದಿದ್ಳು. ಜ್ವರಾ ಇಳೀತೈತಿ, ಮುಂಜಾನಿತನಕಾ ತಡಿ ಅಂದಾವ ನಾನ."

ನಾನು ಅವರ ಪಕ್ಕ ಕೂತೆ.

ಮರುದಿನ ಕಾಕು ಬುತ್ತಿ ಹಿಡಿದು ಬಂದರು. ಕಾಕಾ ಗೇಟಿನಲ್ಲೇ ತಡೆದು ಏನೋ ನೆಪ ಹೇಳಿದರು. ಅಂಕೋಲೆಯ ಹೆಣ್ಣಿಗೆ ಬಾಗಿಲಲ್ಲೇ ವಾಸನೆ ಗೊತ್ತಾಗಿತ್ತು. ಒಳಗೆ ಬಂದು ಒಂದು ಸಲ ನೋಡಿ, ಬುತ್ತಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮತ್ತೆ ಬರಲಿಲ್ಲ. ಮಾತು ನಿಂತಿತು. ಊಟ ಮತ್ತೆ ಎರಡು ತುತ್ತಿಗೆ ಬಂತು.

ಬೇರೆ ಹೂವು ತಂದು ಹಾಕಿರೆಂದು ನಾವು ಹೇಳಿದೆವು. ಚಾಚಾ ತಂದೂ ಕೊಟ್ಟರು. ಒಂದಾದ ಮೇಲೊಂದು ಸತ್ತವು. ಕೆಟ್ಟ ನೀರು ಸರಿಹೋಗಲು ಸಮಯ ಬೇಕಿತ್ತು. ಆಮೇಲೆ ಕಾಕಾ ಹೊಸದನ್ನು ಬೇಡವೆಂದರು. ಹಳೆಯ ಕಲ್ಲೊಂದೇ ಉಳಿಯಿತು. ಸತ್ತ ಕಲ್ಲನ್ನು ಏಕೆ ಸಾಕುತ್ತೀರಿ ಎಂದು ಮಾಲೀಕರ ಮಗ ಕೇಳಿದಾಗ, "ಕಲ್ಲು ಸತ್ತಿಲ್ರಿ" ಎಂದಷ್ಟೇ ಹೇಳಿದರು. ಆ ಬೇಸಿಗೆಯಲ್ಲಿ ಕೈಗಾರಿಕೆಯ ಲೈನಿಗೂ ಕಡಿತ ಶುರುವಾಯಿತು. ಕರೆಂಟು ಹೋದೊಡನೆ ಕಾಕಾ ತೋಳು ಮಡಚಿ, ಮನೆಯಿಂದ ತಂದ ಕಟ್ಟಿಗೆಯ ಹುಟ್ಟಿನಿಂದ ನೀರು ತಿರುವುತ್ತ ಕೂರುತ್ತಿದ್ದರು. ಅವರಿಗೆ ಸಾಮಾನು ಕೊಡುವ ಕೆಲಸವಿದ್ದಾಗ ಹುಟ್ಟು ನನ್ನ ಕೈಗೆ. ನಾನು ಜೋರಾಗಿ ತಿರುವಿದರೆ ಗದರುತ್ತಿದ್ದರು: "ಬಡೀಬ್ಯಾಡ ತಂಗಿ. ಅಂಬಲಿ ತಿರುವಿದಂಗ ತಿರುವು."

ಮಳೆಗಾಲ ಹಿಡಿದ ಮೇಲೆ ಒಂದು ದಿನ ನನ್ನನ್ನು ಕರೆದು ಭೂತಗನ್ನಡಿ ಕೊಟ್ಟರು. ಕಲ್ಲಿನ ಅದೇ ಸಂದಿಯಲ್ಲಿ ಸಾಸಿವೆಯಷ್ಟು ಏನೋ ಇತ್ತು. ದಿಟ್ಟಿಸಿದರೆ ಅದಕ್ಕೆ ಎಸಳುಗಳಿದ್ದವು. ಸತ್ತ ಹೂವಿನ ಬುಡದ ಚೂರೊಂದು ಕಲ್ಲಿಗೆ ಅಂಟಿಕೊಂಡು ಉಳಿದಿತ್ತು, ಅದರಿಂದ ಹೊಸದು ಹುಟ್ಟಿತ್ತು. ನಾನು ಕುಣಿಯುವುದೊಂದು ಬಾಕಿ. ಈಗಲೇ ಹೋಗಿ ಕಾಕುಗೆ ಹೇಳುತ್ತೇನೆ ಎಂದೆ. ಅವರು ನನ್ನ ಕೈ ಹಿಡಿದು ಕೂರಿಸಿದರು.

"ಬ್ಯಾಡ. ಮತ್ತ ಹೋತಂದ್ರ ಆಕಿ ಉಳ್ಯಾಂಗಿಲ್ಲ. ಮಾಗಲಿ."

ದಿನಾ ನೋಡುತ್ತಿದ್ದರು. ಅದು ಹುಣಸೆಬೀಜದಷ್ಟಾಯಿತು. ಇನ್ನೊಂದು ವಾರ, ಇನ್ನೊಂದು ವಾರ ಎಂದು ಮುಂದೂಡಿದರು. ಮೊದಲು ಕಾಯಬಾರದ ಹೊತ್ತಿನಲ್ಲಿ ಕಾದಿದ್ದರು. ಈಗ ಹೇಳಲು ಹೆದರಿ ಕಾಯುತ್ತಿದ್ದರು. ಶ್ರಾವಣದ ಒಂದು ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಕರೆಂಟಿರಲಿಲ್ಲ, ಅವರೂ ಬಂದಿರಲಿಲ್ಲ. ಹುಟ್ಟು ತೆಗೆದುಕೊಂಡು ತಿರುವುತ್ತ ಕೂತೆ. ಬೈರಿದೇವರಕೊಪ್ಪದಿಂದ ಫೋನು ಬಂದಾಗ ನನ್ನ ಕೈ ನೀರಿನಲ್ಲೇ ಇತ್ತು. ಮುಖ ತೊಳೆಯಲು ಹೋದವರು ಅಲ್ಲೇ ಕುಸಿದಿದ್ದರು. ಎದೆ ನಿಂತಿತ್ತು.

ಉತ್ತರಕ್ರಿಯೆ ಮುಗಿದ ಮೇಲೆ ಚಾಚಾ ಲಾರಿ ತಂದರು. ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮುಂದೆ ಕೂತೆ. ನೀರು ತುಳುಕಿ ಸೀರೆಯೆಲ್ಲ ತೊಯ್ದಿತು. ಮನೆಯಲ್ಲಿ ಕಾಕು ಗೋಡೆಗೊರಗಿ ಕೂತಿದ್ದರು. ಬಂದವರು ಯಾರೆಂದೂ ನೋಡಲಿಲ್ಲ. ತೊಟ್ಟಿಯನ್ನು ಅವರ ಮುಂದಿಟ್ಟು ಭೂತಗನ್ನಡಿ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಅವರ ಬೆರಳು ಹಿಡಿದು ಗಾಜಿನ ಮೇಲೆ, ಆ ಸಂದಿಯ ನೇರಕ್ಕೆ ಇಟ್ಟೆ. ಬಾಗಿಲಲ್ಲಿ ಚಾಚಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಅವರು ನೋಡಿದ್ರೇನ?" ಎಂದರು ಕಾಕು.

"ನೋಡಿದ್ರು ಕಾಕು. ದಿನಾ ನೋಡ್ತಿದ್ರು."

ಆಗ ಅತ್ತರು, ಮಗಳು ಹೋದಂದಿನಿಂದ ಅಳದಿದ್ದವರು. ಅತ್ತು ಮುಗಿದ ಮೇಲೆ ಕರೆಂಟಿದೆಯೇ ಎಂದು ನನ್ನನ್ನು ಕೇಳಿದರು. ಇರಲಿಲ್ಲ. ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈ ಇಳಿಸಿ, ಅಂಬಲಿ ತಿರುವಿದ ಹಾಗೆ ಮೆಲ್ಲಗೆ ನೀರು ತಿರುವತೊಡಗಿದರು. ನಾನು ಒಳಗೆ ಹೋಗಿ ಇಬ್ಬರಿಗೂ ಅನ್ನಕ್ಕಿಟ್ಟೆ.