ಕಣ್ಣು ಬಿಟ್ಟಿರುವ ಫೋಟೊ

ಹುಲ್ಲಿನ ಹೊರೆ ಹೊತ್ತು ಭದ್ರಾವತಿ ಹತ್ತಿರದ ನಮ್ಮೂರ ಗುಡ್ಡ ಇಳಿಯುತ್ತಿದ್ದೆ. ತಿರುವಿನಲ್ಲಿ ಕ್ಯಾಮೆರಾದವನೊಬ್ಬ ಅಡ್ಡ ನಿಂತು ಟಕ್ ಅಂತ ನನ್ನ ಫೋಟೊ ಹೊಡೆದ.

"ಕೇಳದೆ ಹೊಡೀತೀಯಲ್ಲ, ನಾನೇನು ಜೋಗದ ಗುಂಡಿಯಾ ಮಾರಾಯಾ?" ಎಂದು ಬೈದೆ. ಬೈಯುತ್ತಿರುವಾಗಲೇ ಇನ್ನೊಂದು ಹೊಡೆದ.

"ತಪ್ಪಾಯ್ತು ಅಜ್ಜಿ. ಶಿವಮೊಗ್ಗದೋನು ನಾನು. ಭಾನುವಾರ ಬಂದ್ರೆ ಗುಡ್ಡ, ಊರು ಸುತ್ತಿ ಫೋಟೊ ತೆಗೀತೀನಿ."

ಹೊರೆ ಇಳಿಸಿದೆ. "ಹಂಗಾದ್ರೆ ನಂದೊಂದು ನೆಟ್ಟಗೆ ತೆಗಿ. ಸತ್ತ ಮೇಲೆ ಗೋಡೆಗೆ ಹಾಕಕ್ಕೆ ಬೇಕು."

"ಬಿಡ್ತು ಅನ್ನಿ ಅಜ್ಜಿ."

ಬಿಡ್ತು ಅಂದರೆ ಸಾವೇನು ವಾಪಸ್ ಹೋಗುತ್ತದೆಯೇ? ನಮ್ಮ ಯಜಮಾನರು ಬದುಕಿದ್ದಾಗ ಒಂದೂ ಫೋಟೊ ತೆಗೆಸಲಿಲ್ಲ. ತೀರಿಕೊಂಡ ದಿನ ಹೆಣವನ್ನು ಕುರ್ಚಿಗೆ ಕಟ್ಟಿ ಕೂರಿಸಿ ತೆಗೆಸಿದೆವು. ಗೋಡೆಯ ಮೇಲಿರುವುದು ಆ ಕಣ್ಣು ಮುಚ್ಚಿದ ಮುಖವೇ. ತಾತ ಯಾವಾಗಲೂ ನಿದ್ದೆ ಮಾಡುತ್ತಿದ್ದರಾ ಎಂದು ಮೊಮ್ಮಗಳು ಕೇಳುತ್ತಾಳೆ. ನನಗೆ ಹಾಗಾಗಬಾರದು ಎಂದು ಅವನಿಗೆ ಹೇಳಿದೆ. ಅವನು ನನ್ನನ್ನು ಬಂಡೆಯ ಮೇಲೆ ಕೂರಿಸಿ, ಸೆರಗು ಸರಿಮಾಡಿಕೊಳ್ಳುವವರೆಗೂ ಕಾದು ತೆಗೆದ. ವಿಳಾಸ ಬರೆದುಕೊಂಡು ಹೋದ.

ತಿಂಗಳಾದ ಮೇಲೆ ಅಂಚೆಯಲ್ಲಿ ಎರಡು ಫೋಟೊ ಬಂದವು. ಬಂಡೆಯ ಮೇಲೆ ನೆಟ್ಟಗೆ ಕೂತದ್ದರಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿಹೋಗಿತ್ತು. ಬೈಯುವಾಗ ತೆಗೆದದ್ದರಲ್ಲಿ ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು, ಬಾಯಿಯೂ ತೆರೆದಿತ್ತು.

ಆ ಬೈಯುವ ಫೋಟೊಗೇ ಕಟ್ಟು ಹಾಕಿಸಿ ಟ್ರಂಕಿನಲ್ಲಿ ಇಟ್ಟಿದ್ದೇನೆ, ಗೋಡೆಗೆ ಇದನ್ನೇ ಹಾಕು ಎಂದು ಮಗನಿಗೂ ಹೇಳಿದ್ದೇನೆ. ಅಜ್ಜಿ ಎಚ್ಚರವಾಗಿದ್ದಳು ಎಂದು ಮೊಮ್ಮಗಳ ಮಕ್ಕಳಿಗೆ ಗೊತ್ತಾದರೆ ಸಾಕು.