ಮುಖ ಕಾಣದ ರೀಲ್ಸ್

ಹೊಸನಗರದ ಹತ್ತಿರದ ಶಾಲೆಯೊಂದಕ್ಕೆ ವಿಜ್ಞಾನ ತರಬೇತಿ ಕೊಡಲು ಹೋಗಿದ್ದೆ. ಬಿಸಿಯೂಟದ ಅಡುಗೆಯವರು ಟೀ ತಂದಿಟ್ಟರು. ಲೋಟಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅವರ ಕೈ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ. ದಿನಾ ಫೋನಿನಲ್ಲಿ ನೋಡುವ ಕೈ! ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರು ಯಾಕೆ ಕೆಂಪಾಗುತ್ತದೆ ಎಂದು ತೋರಿಸಿದ ಆ ರೀಲ್ಸನ್ನು ಎಷ್ಟು ಜನಕ್ಕೆ ಕಳಿಸಿದ್ದೆನೋ. ಮುಖ ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

"ಅದು ನೀವೇನಾ?"

"ಹೌದು ಮೇಡಂ, ನಂದೇ ಚಾನೆಲ್ಲು."

ನನಗೆ ರೇಗಿತು. "ಮುಖ ತೋರಿಸ್ಬೇಡ ಅಂದೋರು ಯಾರು? ಗಂಡನಾ, ಅತ್ತೆನಾ?"

"ಅಯ್ಯೋ, ಫೋನ್ ಹಿಡಿಯೋದೇ ನಮ್ಮತ್ತೆ!" ಆಕೆ ನಕ್ಕರು. "ಮೊದಲು ಮುಖ ಇತ್ತು. ದಪ್ಪ ಆಗಿದೀರಿ, ಸೀರೆ ಎಲ್ಲಿ ತಗೊಂಡ್ರಿ, ಬರೀ ಇಂಥದೇ ಕಾಮೆಂಟು. ಈಗ ಕೈ ಅಷ್ಟೇ ತೋರಿಸ್ತೀನಿ. ಸುಣ್ಣದ ಬದಲು ಸೋಡಾ ಹಾಕಿದ್ರೆ ಏನಾಗುತ್ತೆ ಅಂತ ಕೇಳ್ತಾರೆ."

ನನ್ನ ಪಾಠದ ವಿಡಿಯೋಗಳ ಕೆಳಗೂ ನನ್ನ ಕೂದಲಿನ ಯೋಗಕ್ಷೇಮ ವಿಚಾರಿಸುವವರೇ ಹೆಚ್ಚು.

ಊಟವಾದ ಮೇಲೆ ಹೊಸ ವಿಡಿಯೋಗೆ ನನ್ನನ್ನೂ ಕರೆದರು. ಕೆಂಪು ನೀರಿಗೆ ನಾನು ನಿಂಬೆ ಹಿಂಡಿ ಮತ್ತೆ ಹಳದಿ ಮಾಡಬೇಕಿತ್ತು. ಅಭ್ಯಾಸಬಲ, ಕನ್ನಡಿ ಹುಡುಕಿದೆ.

"ಕೈ ತೊಳ್ಕೊಂಡು ಬನ್ನಿ, ಸಾಕು," ಎಂದರು.

ಸಂಜೆ ಸಾಗರದ ಬಸ್ಸಿನಲ್ಲಿ ಕೂತು ಮೊದಲ ಕಾಮೆಂಟ್ ಓದಿದೆ: "ನಿಂಬೆ ಹಿಂಡಿದವರಿಗೆ ಹೇಳಿ, ಹನಿಹನಿಯಾಗಿ ಹಾಕಬೇಕಿತ್ತು. ಬಣ್ಣ ಬದಲಾಗೋದು ಸರಿಯಾಗಿ ಕಾಣ್ಲಿಲ್ಲ."

ಇಷ್ಟು ವರ್ಷಗಳಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಮೊದಲ ಬೈಗುಳ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ.