ವೇದಿಕೆಗಾಗಿ ಕಾದ ಹಲ್ಲುಗಳು

ದಂತವೈದ್ಯರ ಸಂಘಕ್ಕೆ ಅಧ್ಯಕ್ಷಳಾದ ವರ್ಷ ನಾನು ಕಲಿತ ಮೊದಲ ಪಾಠ: ಹಲ್ಲು ಇರಬೇಕಾದ ಜಾಗ ಬಾಯಿಯಲ್ಲ, ವೇದಿಕೆ.

ಭದ್ರಾವತಿಯ ಜನ್ನಾಪುರದಲ್ಲಿ ಉಚಿತ ಶಿಬಿರ ನಡೆಸಿ, ಹಲ್ಲಿಲ್ಲದ ಹಿರಿಯರ ಬಾಯಿಯ ಅಳತೆ ತೆಗೆದು ಹಲ್ಲಿನ ಸೆಟ್ಟುಗಳನ್ನು ಮಾಡಿಸಿದ್ದೆವು. ಅವು ಸಿದ್ಧವಾಗಿ ಶಿವಮೊಗ್ಗದ ಕೋಟೆ ಬಳಿಯ ನನ್ನ ಕ್ಲಿನಿಕ್ಕಿನ ಕಪಾಟು ಸೇರಿದವು. ಬಾಯಿ ಸೇರುವಂತಿರಲಿಲ್ಲ. ಮುಖ್ಯ ಅತಿಥಿಗಳು ಸೋಗಾನೆಯಲ್ಲಿ ವಿಮಾನದಿಂದಿಳಿದು ಬಂದು ತಮ್ಮ ಅಮೃತಹಸ್ತದಿಂದ ವಿತರಿಸುವವರೆಗೆ ಫಲಾನುಭವಿಗಳು ಗಂಜಿ ಕುಡಿಯುತ್ತಿರಬೇಕೆಂಬುದು ಸಂಘದ ಸಂಪ್ರದಾಯ. ಅತಿಥಿಗಳು ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಿದರು. ಅವರಿಗೆ ಹಲ್ಲುಗಳಿದ್ದವು, ಅವಸರವಿರಲಿಲ್ಲ.

ಅವಸರವಿದ್ದದ್ದು ಶಿಬಿರದಲ್ಲಿ ಅಳತೆ ಕೊಟ್ಟಿದ್ದ ಜನ್ನಾಪುರದ ವಯಸ್ಸಾದ ಸಾಹೇಬರೊಬ್ಬರಿಗೆ. ಆಟೋಗೆ ಮೈಕು ಕಟ್ಟಿಕೊಂಡು ಅಂಗಡಿಗಳ ಪ್ರಚಾರ ಕೂಗುವುದು ಅವರ ಕಸುಬು.

"ಮೇಡಂ, ಸೆಟ್ಟು ರೆಡಿ ಇದೆಯಂತಲ್ಲ, ಕೊಟ್ಬಿಡಿ. 'ಚಾಚಾ, ನೀವು ಕೂಗಿದ್ರೆ ಬರೀ ಗಾಳಿ ಬರುತ್ತೆ, ಹಬ್ಬದೊಳಗೆ ಹಲ್ಲು ಬರ್ಲಿಲ್ಲ ಅಂದ್ರೆ ರೆಕಾರ್ಡಿಂಗ್ ಹಾಕ್ಕೋತೀನಿ' ಅಂತಾನೆ ಸೀರೆ ಅಂಗಡಿಯವ್ನು. ಆಮೇಲೆ ಈ ಮುದುಕನ್ನ ಯಾರು ಕರೀತಾರೆ?"

ವಿಷಯವನ್ನು ಸಭೆಯಲ್ಲಿಟ್ಟೆ.

"ಈಗ್ಲೇ ಕೊಟ್ಬಿಟ್ರೆ ಅವತ್ತು ವೇದಿಕೆ ಮೇಲೆ ಏನ್ ಕೊಡೋದು ಮೇಡಂ, ಬೇವಿನ ಕಡ್ಡಿನಾ?" ಎಂದರು ಕಾರ್ಯದರ್ಶಿ.

ಸಭೆ ನಕ್ಕಿತು. ಎಲ್ಲರ ಹಲ್ಲೂ ಚೆನ್ನಾಗಿದ್ದವು.

ಹೊಸ ಸೆಟ್ಟು ಒಸಡನ್ನು ಒತ್ತುತ್ತದೆ, ಒತ್ತಿದಲ್ಲಿ ಉಜ್ಜಿ ಸರಿಪಡಿಸಬೇಕು, ಮಾತು ಹದಕ್ಕೆ ಬರಲು ವಾರಗಳು ಬೇಕು ಎಂದು ದಂತವೈದ್ಯರಿಗೇ ದಂತವೈದ್ಯಕೀಯ ವಿವರಿಸಿದೆ.

"ಒಂದು ಫೋಟೋ ಆಗ್ಲಿ ಮಾರಾಯ್ತಿ, ಆಮೇಲೆ ಎಷ್ಟ್ ಬೇಕಾದ್ರೂ ಉಜ್ಜು," ಎಂದರು ಕಾಲೇಜಿನಲ್ಲಿ ನನಗೆ ಪಾಠ ಹೇಳಿದ್ದ ಹಿರಿಯ ವೈದ್ಯರು.

ಚಿಕಿತ್ಸೆಯನ್ನು ಬಹುಮಾನದಂತೆ ಹಂಚುವುದು ತಪ್ಪು, ರೋಗಿಯ ಬಾಯನ್ನು ಬ್ಯಾನರ್ ಮಾಡಿಕೊಳ್ಳುವುದು ತಪ್ಪು, ಅನುಮತಿ ಕೇಳದೆ ಆ ಬಾಯಿಯ ಫೋಟೋ ತೆಗೆಯುವುದು ಇನ್ನೂ ದೊಡ್ಡ ತಪ್ಪು ಎಂದೆ. ಸಭೆ ಗಂಭೀರವಾಗಿ ಆಲಿಸಿ, ಊಟಕ್ಕೆ ಹೋಳಿಗೆಯೋ ಜಾಮೂನೋ ಎಂಬ ಚರ್ಚೆಗೆ ಹೊರಳಿತು.

ಮರುದಿನವೇ ಕಪಾಟು ತೆರೆದು ಎಲ್ಲರನ್ನೂ ಕರೆಸಿ ತೊಡಿಸಿದೆ. ಸಾಹೇಬರು ಮೂರ್ನಾಲ್ಕು ಬಾರಿ ಬಂದು ಉಜ್ಜಿಸಿಕೊಂಡರು. ಕಾಯುವ ಕೋಣೆಯಲ್ಲೇ ಕೂತು "ಸೀರೆ, ಸೀರೆ" ಎಂದು ಅಭ್ಯಾಸ ಮಾಡಿದರು. ಸುದ್ದಿ ತಿಳಿದ ಸಂಘ ಎದೆಗುಂದಲಿಲ್ಲ. ಖಾಲಿ ಡಬ್ಬಿಗಳಿಗೆ ಮಿನುಗುವ ಕಾಗದ ಸುತ್ತಿಸಿತು.

ಕೊನೆಗೂ ಅತಿಥಿಗಳು ಜನ್ನಾಪುರದ ಸಭಾಂಗಣಕ್ಕೆ ದಯಮಾಡಿಸಿದರು. ಹಿರಿಯರು ಬಾಯಲ್ಲಿ ಹಲ್ಲಿಟ್ಟುಕೊಂಡೇ ಸಾಲಾಗಿ ಬಂದು ಖಾಲಿ ಡಬ್ಬಿಗಳನ್ನು ಭಕ್ತಿಯಿಂದ ಸ್ವೀಕರಿಸಿದರು. ಒಂದು ಡಬ್ಬಿ ಮಾತ್ರ ಮೇಜಿನ ಮೇಲೆ ಉಳಿಯಿತು. ಅತಿಥಿಗಳು ಸೇವೆಯ ಮಹಿಮೆ ಬಣ್ಣಿಸುತ್ತಿದ್ದಾಗ ಹೊರಗಿನ ರಸ್ತೆಯಿಂದ ಮೈಕು ಮೊಳಗಿತು:

"ಬನ್ನಿ ಅಕ್ಕಂದಿರೇ, ಬನ್ನಿ ತಾಯಂದಿರೇ! ಹಬ್ಬದ ಸೀರೆ, ರೇಷ್ಮೆ ಸೀರೆ!"

ಒಂದು ಅಕ್ಷರವೂ ಗಾಳಿಗೆ ಹೋಗಲಿಲ್ಲ. ಭಾಷಣವೇ ಹೋಯಿತು.

"ಯಾರ್ರೀ ಅದು?" ಕಾರ್ಯದರ್ಶಿ ನನ್ನ ಕಿವಿಯಲ್ಲಿ ಸಿಡುಕಿದರು. "ಮೊದ್ಲು ಅವ್ನ ಬಾಯಿ ಮುಚ್ಚಿಸಿ!"

ಉಳಿದಿದ್ದ ಡಬ್ಬಿಯನ್ನು ಅವರ ಕೈಗಿಟ್ಟೆ.

"ನಮ್ಮ ಫಲಾನುಭವಿ, ಸರ್. ಕೆಲಸದ ಮೇಲಿದ್ದಾರೆ."